ನಂದಿಬಟ್ಟಲಿನ ಬುಡದಲ್ಲಿ ಹಿಕ್ಕೆ

ಪತಂಗ ನೋಡಬೇಕಾದರೆ ಬಿಳಿ ಬಟ್ಟೆ ಕಟ್ಟಿ ಅದರ ಮುಂದೆ ದೀಪ ಹಚ್ಚಿಡು ಅನ್ನುತ್ತಾರೆ. ಪುಣೆಯಲ್ಲಿ ಈ ಉಪಾಯ ಜೂನ್‌ನಿಂದ ಅಕ್ಟೋಬರ್‌ವರೆಗೆ ಚೆನ್ನಾಗಿ ನಡೆಯುತ್ತದೆ. ಫೆಬ್ರವರಿಯಲ್ಲಿ ಮಾತ್ರ ಬಟ್ಟೆ ಬಹುಪಾಲು ಖಾಲಿ. ರಾತ್ರಿ ಇನ್ನೂ ತಣ್ಣಗಿರುತ್ತದೆ, ಗಾಳಿಯಲ್ಲಿ ಪಸೆಯಿಲ್ಲ, ಗುಡ್ಡದ ಹುಲ್ಲೆಲ್ಲ ಒಣಗಿ ಹುಳುಗಳಿಗೆ ಮೇವೂ ಇಲ್ಲ. ಹಲವು ಜಾತಿಗಳು ಕೋಶದೊಳಗೇ ಮಳೆಗಾಗಿ ಕಾಯುತ್ತಿರುತ್ತವೆ. ಸಾಲದ್ದಕ್ಕೆ ಪತಂಗಗಳನ್ನು ಹೆಚ್ಚು ಸೆಳೆಯುವ ನೇರಳಾತೀತ ಕಿರಣ ಮನೆಯ ಎಲ್‌ಇಡಿ ಬಲ್ಬಿನಿಂದ ಹೆಚ್ಚುಕಡಿಮೆ ಬರುವುದೇ ಇಲ್ಲ. ಈ ತಿಂಗಳುಗಳಲ್ಲಿ ದೀಪದ ಗೊಡವೆ ಬಿಟ್ಟು ಗಿಡ ನೋಡುವುದೇ ಲೇಸು. ಸುತ್ತಲೆಲ್ಲ ಒಣಗಿರುವಾಗ, ದಿನವೂ ನೀರು ಕಾಣುವ ಬಾಲ್ಕನಿಯ ಕುಂಡಗಳಲ್ಲಿ ಎಳೆ ಚಿಗುರು ಸಿಗುತ್ತದೆ. ಹೆಣ್ಣು ಪತಂಗ ಮೊಟ್ಟೆಯಿಡಲು ಹುಡುಕುವುದೂ ಅದನ್ನೇ.

ಪುಣೆಯ ವಸಂತ ಮೊದಲು ಕೆಂಪಾಗಿಯೇ ಕಣ್ಣಿಗೆ ಬೀಳುತ್ತದೆ: ಬೂರುಗ, ಅದರ ಹಿಂದೆಯೇ ಮುತ್ತುಗ. ಇವು ಹಕ್ಕಿಗಳ ಹೂವು. ಬಣ್ಣ ಢಾಳು, ಮಕರಂದ ಧಾರಾಳ, ವಾಸನೆ ಅಷ್ಟಕ್ಕಷ್ಟೆ. ಕತ್ತಲಲ್ಲಿ ಹಾರುವ ಪತಂಗಕ್ಕೆ ಬೇಕಾದದ್ದು ಸಂಜೆಯ ಮೇಲೆ ಘಮ್ಮೆನ್ನುವ, ಕೊಳವೆಯಂಥ ಬಿಳಿ ಹೂವು. ಪೂಜೆಗೆಂದು ಬೆಳೆಸುವ ನಂದಿಬಟ್ಟಲು ಅದಕ್ಕೆ ಹೇಳಿಮಾಡಿಸಿದ ಗಿಡ. ಇಲ್ಲಿನ ನರ್ಸರಿಗಳಲ್ಲಿ ‘ತಗರ್’ ಎಂದು ಕೇಳಿ, ಐದೆಸಳಿನ ಒಂಟಿ ಸುತ್ತಿನದನ್ನೇ ತನ್ನಿ. ಹಲವು ಸುತ್ತಿನದು ನೋಡಲು ಚೆಂದವೇ, ಆದರೆ ಎಸಳು ಒತ್ತೊತ್ತಾಗಿ ಕೊಳವೆಯ ಬಾಯಿ ಮುಚ್ಚಿಹೋಗುತ್ತದೆ.

ಫೆಬ್ರವರಿ ನಡುವಿನಲ್ಲಿ ಸೂರ್ಯ ಮುಳುಗುವುದು ಸುಮಾರು 6:30ಕ್ಕೆ. ಅಲ್ಲಿಂದ ಮುಂದಿನ ಒಂದು ಗಂಟೆ ಬಾಲ್ಕನಿಯ ದೀಪ ಆರಿಸಿ, ಗಿಡದಿಂದ ಎರಡು ಮೀಟರ್ ದೂರ ಕೂರಿ. ಟಾರ್ಚ್‌ಗೆ ಕೆಂಪು ಜಿಲೆಟಿನ್ ಕಾಗದ ಎರಡು ಪದರ ಸುತ್ತಿ. ಹೆಚ್ಚಿನ ಪತಂಗಗಳಿಗೆ ಕೆಂಪು ಬೆಳಕು ಅಷ್ಟಾಗಿ ಕಾಣದು. ಹಾಕ್‌ಮಾತ್ ಎಂಬ ದಪ್ಪ ಮೈಯ ಪತಂಗ ಬಂದರೆ ಹೂವಿನ ಮೇಲೆ ಕೂರುವುದಿಲ್ಲ, ಗಾಳಿಯಲ್ಲೇ ನಿಂತು ಉದ್ದನೆಯ ಹೀರುಕೊಳವೆ ಇಳಿಬಿಡುತ್ತದೆ. ಜೋರು ಗಾಳಿಯಿದ್ದ ಸಂಜೆ ಕಾದು ಪ್ರಯೋಜನವಿಲ್ಲ.

ಪತಂಗ ಬಾರದಿದ್ದರೂ ಅದರ ಮರಿ ಅಲ್ಲೇ ಇರಬಹುದು. ಬೆಳಿಗ್ಗೆ ಗುಡಿಸುವ ಮೊದಲು ಕುಂಡದ ಬುಡ ನೋಡಿ. ಮೆಣಸಿನ ಕಾಳಿನಷ್ಟು ದಪ್ಪದ, ಉದ್ದಕ್ಕೆ ಗೀರುಗಳಿರುವ ಹಿಕ್ಕೆ ಬಿದ್ದಿದ್ದರೆ ಮೇಲೆ ಕಣಗಿಲೆ ಹಾಕ್‌ಮಾತ್‌ನ ಹುಳು ಇದೆಯೆಂದೇ ಲೆಕ್ಕ. ಸ್ವೀಡನ್ನಿನ ಜೀವವಿಜ್ಞಾನಿ ಲಿನೇಯಸ್ 1758ರಲ್ಲಿ ಇದಕ್ಕೆ ಕಣಗಿಲೆಯ ಹೆಸರಿಟ್ಟ. ನಮ್ಮ ಕುಂಡಗಳಲ್ಲಿ ಇದು ನಂದಿಬಟ್ಟಲನ್ನೂ ಬಿಡುವುದಿಲ್ಲ. ಹಿಕ್ಕೆ ಹಸಿರಾಗಿ ಒದ್ದೆಯಿದ್ದರೆ ತಾಜಾ, ಕಪ್ಪಾಗಿ ಒಣಗಿದ್ದರೆ ಹಳತು. ತಾಜಾ ಹಿಕ್ಕೆಯ ನೇರ ಮೇಲಕ್ಕೆ ಕಣ್ಣು ಹಾಯಿಸಿದರೆ ನಡುನರ ಮಾತ್ರ ಉಳಿದ ಎಲೆಗಳು ಕಾಣುತ್ತವೆ, ಅವುಗಳ ಹತ್ತಿರವೇ ಹುಳು. ಬಲಿತದ್ದು 7–8 ಸೆಂ.ಮೀ. ಉದ್ದವಿದ್ದರೂ ಎಲೆಯ ಹಸಿರಿನಲ್ಲಿ ಬೆರೆತು ಕಣ್ಣು ತಪ್ಪಿಸುತ್ತದೆ. ಮುಟ್ಟಿದರೆ ತಲೆ ಒಳಗೆಳೆದು ಬೆನ್ನು ಉಬ್ಬಿಸುತ್ತದೆ. ಆಗ ಮಡಿಕೆಯಲ್ಲಿ ಅಡಗಿದ್ದ ಎರಡು ನೀಲಿ-ಬಿಳಿ ಕಣ್ಣುಚುಕ್ಕೆಗಳು ಫಕ್ಕನೆ ತೆರೆದುಕೊಳ್ಳುತ್ತವೆ. ಹಕ್ಕಿ ಬೆದರಲಿ ಎಂದು ಈ ನಾಟಕ.

ಹಗಲಲ್ಲಿ ಸಿಗದಿದ್ದರೆ ರಾತ್ರಿ ನೋಟು ಪರೀಕ್ಷಿಸುವ 395 ನ್ಯಾನೊಮೀಟರ್‌ನ ನೇರಳಾತೀತ ಟಾರ್ಚ್ ಹಾಯಿಸಿ ನೋಡಿ. ಆ ಬೆಳಕಲ್ಲಿ ಎಲೆ ಮಂಕಾಗಿರುತ್ತದೆ, ಹಲವು ಜಾತಿಯ ಹಸಿರು ಹುಳುಗಳು ಹೊಳೆಯುತ್ತವೆ. ಕಿರಣ ಕಣ್ಣಿಗೆ ಬೀಳಬಾರದು.

ಮಲ್ಲಿಗೆಯದು ಬೇರೆ ಕಥೆ. ಮೊಗ್ಗಿನಲ್ಲಿ ದುಂಡನೆ ತೂತಿದ್ದರೆ ಅದು ಮೊಗ್ಗುಕೊರಕ ಎಂಬ ಚಿಕ್ಕ ಪತಂಗದ ಹುಳು. ಅಂಥ ಮೊಗ್ಗು ಕಿತ್ತು ನಾಶಮಾಡಿದರೆ ಸಾಕು. ಕೈಗೆ ಸಿಕ್ಕ ಗಿಡಕ್ಕೆಲ್ಲ ಬೇವಿನೆಣ್ಣೆ ಸಿಂಪಡಿಸಿ ಆಮೇಲೆ ಪತಂಗವಿಲ್ಲ ಎಂದರೆ ಹೇಗೆ? ನಂದಿಬಟ್ಟಲಂತೂ ಬೋಳಾದರೂ ಮತ್ತೆ ಚಿಗುರುತ್ತದೆ.

ಹುಳು ಕಂದು ಬಣ್ಣಕ್ಕೆ ತಿರುಗಿ ಕೆಳಗಿಳಿದರೆ ತಿನ್ನುವ ಕೆಲಸ ಮುಗಿಯಿತು ಎಂದರ್ಥ. ನೆಲದಲ್ಲಿ ಬೆಳೆದ ಗಿಡವಾದರೆ ತರಗೆಲೆಯಡಿ ಕೋಶ ಕಟ್ಟುತ್ತದೆ. ಟೈಲ್ಸ್ ಹಾಕಿದ ಬಾಲ್ಕನಿಯಲ್ಲಿ ಅದಕ್ಕೆ ನೆಲೆ ಸಿಗದೆ ಅಲೆದು ಇರುವೆಗಳ ಪಾಲಾಗಬಹುದು. ಅಗಲದ ಡಬ್ಬಿಯಲ್ಲಿ ನಾಲ್ಕು ಬೆರಳು ಒಣಗಿದೆಲೆ ತುಂಬಿ, ಹುಳುವನ್ನು ಒಳಗೆ ಬಿಟ್ಟು, ಬಾಯಿಗೆ ಸೊಳ್ಳೆಪರದೆ ಕಟ್ಟಿ ನೆರಳಲ್ಲಿಡಿ. ಎರಡು-ಮೂರು ದಿನಕ್ಕೊಮ್ಮೆ ತುಸು ನೀರು ಚಿಮುಕಿಸಿದರೆ ಸಾಕು, ಹೆಚ್ಚಾದರೆ ಬೂಷ್ಟು ಹಿಡಿಯುತ್ತದೆ. ಸಾಮಾನ್ಯವಾಗಿ ಎರಡು-ಮೂರು ವಾರದಲ್ಲಿ ಪತಂಗ ಹೊರಬರುತ್ತದೆ. ಒಳಗೆ ಒಂದು ಒರಟು ಕಡ್ಡಿಯನ್ನು ಓರೆಯಾಗಿ ನಿಲ್ಲಿಸಿರಲೇಬೇಕು. ಹೊಸ ಪತಂಗ ಮೇಲೇರಿ ರೆಕ್ಕೆ ಇಳಿಬಿಟ್ಟು ಅದರ ನರಗಳಿಗೆ ದ್ರವ ತುಂಬಿಸಿಕೊಳ್ಳುತ್ತದೆ. ಹತ್ತಲು ಆಸರೆಯಿಲ್ಲದಿದ್ದರೆ ರೆಕ್ಕೆ ಮುದುಡಿಕೊಂಡೇ ಒಣಗುತ್ತದೆ, ಆಮೇಲೆ ಬಿಡಿಸಲಾಗದು.