ಕಲ್ಲು ಅಲ್ಲಾಡದು, ಹಗ್ಗ ಸುಮ್ನಿರದು

ಮೈಸೂರಿನವರು ರಜೆ ದಿನ ಕುಶಾಲನಗರದ ಕಡೆ ಹೊರಟರೆ ಕಾವೇರಿ ನಿಸರ್ಗಧಾಮದ ತೂಗುಸೇತುವೆಯನ್ನು ಬಿಟ್ಟು ಬರುವುದಿಲ್ಲ. ಆಚೆ ದಡದಲ್ಲಿ ಜಿಂಕೆ, ಬಿದಿರು ಎಲ್ಲ ಇದೆ ಸರಿ, ಆದರೆ ಮಜಾ ಇರುವುದು ಸೇತುವೆಯ ನಡುಮಧ್ಯೆ. ಅಲ್ಲಿ ಯಾವನೋ ಹುಡುಗ ಬೇಕಂತಲೇ ಕುಣಿಯುತ್ತಾನೆ, ಹಿಂದಿದ್ದ ಅಜ್ಜಿ "ಲೇ, ಸುಮ್ನೆ ನಡಿಯೋ" ಅಂತ ಗದರುತ್ತಾರೆ.

ಅದೇ ಕಾವೇರಿಗೆ ಶ್ರೀರಂಗಪಟ್ಟಣದಲ್ಲಿ ವೆಲ್ಲೆಸ್ಲಿ ಸೇತುವೆ ಇದೆ. ದಿವಾನ್ ಪೂರ್ಣಯ್ಯನವರ ಕಾಲದಲ್ಲಿ, 1804ರಲ್ಲಿ ಕಟ್ಟಿದ್ದು. ಎಷ್ಟು ಕುಣಿದರೂ ಅಲ್ಲಾಡುವುದಿಲ್ಲ, ಯಾಕಂದ್ರೆ ಅದು ಕಲ್ಲು. ಕಲ್ಲು ಮೇಲಿಂದ ಎಷ್ಟು ಭಾರ ಹೇರಿದರೂ ತಡೆಯುತ್ತದೆ, ಎಳೆದರೆ ಮಾತ್ರ ಬಿರುಕು ಬಿಡುತ್ತದೆ. ಕಂಬಗಳ ಮೇಲೆ ಹಾಸಿದ ಚಪ್ಪಡಿ ಕೂದಲೆಳೆಯಷ್ಟು ಬಾಗಿದರೂ ಅದರ ತಳಭಾಗಕ್ಕೆ ಎಳೆತ ಬೀಳುತ್ತದೆ. ಅದಕ್ಕೇ ಗಿಡ್ಡ ಚಪ್ಪಡಿ, ಹೊಳೆ ತುಂಬಾ ಸಾಲುಸಾಲು ಕಂಬ.

ಉಕ್ಕಿನ ಹಗ್ಗದ್ದು ಉಲ್ಟಾ. ಎಳೆತಕ್ಕೆ ಅದು ಜಗ್ಗುವುದಿಲ್ಲ, ಹಾಗಾಗಿ ನಡುವೆ ಕಂಬವೇ ಇಲ್ಲದೆ ಹೊಳೆ ದಾಟಬಹುದು. ಹಾಗಾದರೆ ನೇರ ಬಿಗಿಯದೆ ಜೋತು ಬಿಡುವುದೇಕೆ? ಹಿತ್ತಲಲ್ಲಿ ಬಟ್ಟೆ ಒಣಹಾಕುವ ಹಗ್ಗ ನೋಡಿ. ಒದ್ದೆ ಬೆಡ್‌ಶೀಟ್ ಬಿದ್ದ ಮೇಲೆ ಎಷ್ಟು ಬಿಗಿದರೂ ಅದು ಪೂರ್ತಿ ನೇರವಾಗುವುದಿಲ್ಲ, ಗೂಟವೇ ಕಿತ್ತು ಬರುತ್ತದೆ. ಜೋತನ್ನು ಅರ್ಧಕ್ಕೆ ಇಳಿಸಿದರೆ ಎಳೆತ ಹೆಚ್ಚುಕಡಿಮೆ ಎರಡರಷ್ಟಾಗುತ್ತದೆ. ನಮ್ಮ ಸುಳ್ಯದ ಗಿರೀಶ್ ಭಾರದ್ವಾಜ್ ಹಳ್ಳಿಗಳಿಗೆ ನೂರಕ್ಕೂ ಹೆಚ್ಚು ಕಾಲುಸೇತುವೆ ಕಟ್ಟಿಕೊಟ್ಟು 2017ರಲ್ಲಿ ಪದ್ಮಶ್ರೀ ಪಡೆದಿದ್ದು ಈ ಹಗ್ಗದ ಲೆಕ್ಕ ಹಿಡಿದೇ.

ಆದರೆ ಹಗ್ಗದ ಸೇತುವೆ ಹಗುರ, ನಡೆಯುವವರ ಮಾತು ಕೇಳಿಬಿಡುತ್ತದೆ. ನಾವು ಸೆಕೆಂಡಿಗೆ ಸುಮಾರು ಎರಡು ಹೆಜ್ಜೆ ಇಡುತ್ತೇವೆ, ಎಡಗಾಲು ಒಂದು ಪಕ್ಕಕ್ಕೆ ತಳ್ಳಿದರೆ ಬಲಗಾಲು ಇನ್ನೊಂದು ಪಕ್ಕಕ್ಕೆ, ಅಂದರೆ ಸೆಕೆಂಡಿಗೊಂದು ಸಲ ಸೇತುವೆಯನ್ನು ಆಚೀಚೆ ತಳ್ಳಿದ ಹಾಗಾಯ್ತು. ಸೇತುವೆಯ ಸ್ವಂತ ತೂಗಾಟವೂ ಅದೇ ಲಯದ ಹತ್ತಿರ ಇದ್ದರೆ ಮುಗೀತು.

ಲಂಡನ್ನಿನ ಮಿಲೇನಿಯಂ ಸೇತುವೆಯಲ್ಲಿ ಆಗಿದ್ದು ಇದೇ. 2000ದ ಜೂನ್ 10ರಂದು ತೆರೆದರು, ನೋಡಲು ಜನ ಮುಗಿಬಿದ್ದರು, ಸೇತುವೆ ಪಕ್ಕಕ್ಕೆ ತೂಗತೊಡಗಿತು. ಬೀಳಬಾರದು ಅಂತ ಜನ ಕಾಲು ಅಗಲಿಸಿ ನಡೆದರು, ಅದರಿಂದ ತೂಗಾಟ ಇನ್ನೂ ಜಾಸ್ತಿಯಾಯಿತು! ಎರಡೇ ದಿನಕ್ಕೆ ಬಾಗಿಲು ಹಾಕಿದರು. ಅಲ್ಲಾಟ ಹೀರಿಕೊಳ್ಳುವ ಡ್ಯಾಂಪರುಗಳನ್ನು ಅಡಿಯಲ್ಲಿ ಕೂರಿಸಿ 2002ರಲ್ಲಿ ಮತ್ತೆ ತೆರೆದ ಮೇಲೆ ಅದು ಅಲುಗಿಲ್ಲ. ಲಂಡನ್ನಿನವರು ಮಾತ್ರ ಇವತ್ತಿಗೂ ಅದನ್ನು ಅಲ್ಲಾಡೋ ಸೇತುವೆ ಅಂತಲೇ ಕರೆಯುತ್ತಾರೆ.