ಮಾವಿನ ಮಿಡಿ ಉದುರ್ತಾ ಇದೆ, ಹಾರ್ಮೋನು ಹೊಡೆಯಬೇಕಾ?

ಪ್ರಶ್ನೆ: ಕನಕಗಿರಿ ಹತ್ತಿರ ನಮ್ಮದು ಕೇಸರ್ ತೋಟ. ಗಿಡದ ತುಂಬ ಹೂವು ಬರುತ್ತೆ. ಕಾಯಿ ಮಾತ್ರ ಬಟಾಣಿ ಗಾತ್ರದಲ್ಲೇ ಉದುರಿಹೋಗುತ್ತೆ. ಹಾರ್ಮೋನು ಹೊಡೆದರೆ ನಿಲ್ಲುತ್ತಾ ಸರ್? ಹಣ್ಣು ನಾಲ್ಕು ದಿನ ಜಾಸ್ತಿ ತಾಳೋಕೂ ಏನಾದ್ರೂ ಇದೆಯಾ?

ಉತ್ತರ: ಒಂದಿಷ್ಟು ನಿಲ್ಲುತ್ತೆ, ಎಲ್ಲಾ ನಿಲ್ಲಲ್ಲ. ಬಿಟ್ಟ ಹೂವಿನಲ್ಲಿ ಬಹುಪಾಲು ಉದುರಿಹೋಗುವುದು ಮಾವಿನ ಸಹಜ ಗುಣ. ನಾವು ತಡೆಯಬಹುದಾದದ್ದು ಬಿಸಿಲಿಗೆ, ನೀರಿನ ಕೊರತೆಗೆ ಉದುರುವ ಮಿಡಿಗಳನ್ನು.

ಬಿದ್ದ ಮಿಡಿಯೊಂದನ್ನು ಕೈಯಲ್ಲಿ ಹಿಡಿದು ನೋಡಿ. ತೊಟ್ಟು ಹರಿದಿರುವುದಿಲ್ಲ, ಗಿಣ್ಣಿನಲ್ಲಿ ನೀಟಾಗಿ ಕಳಚಿಕೊಂಡಿರುತ್ತೆ. ಮಿಡಿಯಲ್ಲಿ ಕಾಯಿ ಹಿಡಿದಿಡುವ ಆಕ್ಸಿನ್ ಅನ್ನೋ ಹಾರ್ಮೋನು ಕಡಿಮೆಯಾಗಿ, ಕಾಯಿ ಉದುರಿಸುವ ಎಥಿಲೀನ್ ಅನ್ನೋ ಹಾರ್ಮೋನು ಹೆಚ್ಚಾದಾಗ ಗಿಡವೇ ಆ ಜಾಗದಲ್ಲಿ ಒಂದು ಪದರ ಕಟ್ಟಿ ಕಾಯಿಯನ್ನು ಬಿಟ್ಟುಬಿಡುತ್ತೆ. ಎನ್‌ಎಎ ಅನ್ನೋದು ಹೊರಗಿನಿಂದ ಕೊಡುವ ಆಕ್ಸಿನ್. ಪದರ ಕಟ್ಟುವ ಮೊದಲೇ ಕೊಟ್ಟರೆ ತೊಟ್ಟು ಹಿಡಿದುಕೊಳ್ಳುತ್ತೆ. ಹಾಗಾಗಿ ಮಿಡಿ ಬಟಾಣಿಯಷ್ಟಿದ್ದಾಗ ಒಮ್ಮೆ, ಗೋಲಿಯಷ್ಟಾದಾಗ ಇನ್ನೊಮ್ಮೆ, ಬಿಸಿಲೇರುವ ಮೊದಲು ಹೊಡೆಯಿರಿ.

ಈಗ ಅಳತೆ. ಬಹಳ ಜನ ಎಡವುವುದು ಇಲ್ಲೇ. ಬೇಕಾದದ್ದು 20 ಪಿಪಿಎಂ, ಅಂದರೆ ಹತ್ತು ಲಕ್ಷ ಪಾಲಿನಲ್ಲಿ 20 ಪಾಲು. ಅಂಗಡಿಯಲ್ಲಿ ಸಿಗುವ 4.5 ಪರ್ಸೆಂಟ್ ಔಷಧಿಯಾದರೆ 15 ಲೀಟರ್ ಪಂಪಿಗೆ ಆರೂವರೆ ಎಂಎಲ್ ಸಾಕು, 200 ಲೀಟರ್ ಡ್ರಮ್ಮಿಗೆ ಸುಮಾರು 90 ಎಂಎಲ್. ಲೀಟರಿಗೆ ಒಂದು ಎಂಎಲ್ ಅಂತ ಲೆಕ್ಕ ಹಾಕಿದರೆ ಎರಡು ಪಟ್ಟಿಗಿಂತ ಜಾಸ್ತಿಯಾಯಿತು. ಡೋಸ್ ಮೀರಿದರೆ ಎಲೆ ಮುದುಡುತ್ತೆ, ಉಳಿಯಬೇಕಾದ ಕಾಯಿಯೂ ಉದುರಬಹುದು. ಸೇಬಿನ ತೋಟಗಳಲ್ಲಿ ಕಾಯಿ ಕಡಿಮೆ ಮಾಡೋಕೆ ಅಂತಲೇ ಇದೇ ಎನ್‌ಎಎ ಬಳಸುತ್ತಾರೆ! ಬಾಟಲಿ ಮುಚ್ಚಳದಲ್ಲಿ ಅಂದಾಜು ಮಾಡಬೇಡಿ, ಸಿರಿಂಜಿನಲ್ಲಿ ಅಳೆಯಿರಿ.

ನೆಲ ಒಣಗಿದ್ದರೆ ಮಾತ್ರ ಯಾವ ಹಾರ್ಮೋನೂ ಕೈ ಹಿಡಿಯಲ್ಲ. ಕಾಯಿ ಕಟ್ಟಿದ ಮೇಲೆ ಪಾತಿ ಆರದಂತೆ ಡ್ರಿಪ್‌ನಲ್ಲಿ ನೀರು ಕೊಡಿ. ಹೂಗೊಂಚಲು ಕಪ್ಪಾಗಿ ಅಂಟಂಟಾಗಿದ್ದರೆ ಅದು ಜಿಗಿಹುಳದ ಕೆಲಸ. ಬಿಳಿ ಪುಡಿ ಕಂಡರೆ ಬೂದಿ ರೋಗ. ಅವುಗಳ ಔಷಧಿಯೇ ಬೇರೆ.

ಪ್ಯಾಕ್ಲೊಬ್ಯುಟ್ರಜೋಲ್ ಹಾಕಿ ಅಂತಲೂ ನಿಮಗೆ ಯಾರಾದರೂ ಹೇಳಿರಬಹುದು. ಅದು ಹೂವು ಬರಿಸುವ ಔಷಧಿ. ಚಿಗುರು ಉದ್ದಕ್ಕೆ ಬೆಳೆಸುವ ಜಿಬ್ಬರೆಲಿನ್ ತಯಾರಾಗುವುದನ್ನು ತಡೆಯುತ್ತೆ, ಮಣ್ಣಿನಲ್ಲಿ ಬಹಳ ಕಾಲ ಉಳಿಯುತ್ತೆ. ನಿಮ್ಮ ಗಿಡ ತಾನಾಗಿಯೇ ಹೂವು ಬಿಡ್ತಿದೆ ಅಲ್ವಾ, ಸುಮ್ನೆ ಯಾಕೆ ಹಾಕಬೇಕು? ತೋಟ ಗುತ್ತಿಗೆಗೆ ಕೊಡುವವರು ಇದನ್ನು ಹಾಕಬಾರದು ಅಂತ ಕರಾರಿನಲ್ಲೇ ಬರೆಸಿಕೊಳ್ಳಿ. ಒಂದೇ ವರ್ಷದ ಫಸಲು ನೋಡುವವರು ಮಿತಿಮೀರಿ ಸುರಿದು ಹೋದರೆ, ಮುಂದೆ ಮೋಟು ಚಿಗುರು, ಬಡಕಲು ಗಿಡ ನಿಮ್ಮ ಪಾಲಿಗೆ.

ಇನ್ನು ಹಣ್ಣು ತಾಳುವ ವಿಚಾರ. ಕೊಯ್ಲಿಗೆ ಮುಂಚೆ ಜಿಬ್ಬರೆಲಿಕ್ ಆಮ್ಲ (ಮೇಲೆ ಹೇಳಿದ ಜಿಬ್ಬರೆಲಿನ್‌ನದೇ ಒಂದು ರೂಪ) ಹೊಡೆದರೆ ಹಣ್ಣಾಗೋದು ತಡವಾಗುತ್ತೆ, ನಿಜ. ಆದರೆ ಅದೇ ಔಷಧಿ ಹೂವು ಬರುವ ಮೊದಲು ಬಿದ್ದರೆ ಹೂವಿಗೇ ಅಡ್ಡಿ. ನನ್ನ ಕೇಳಿದರೆ, ಆ ದುಡ್ಡನ್ನು ಕೊಯ್ಲಿಗೆ ಹಾಕಿ. ಕೋಲಿನಿಂದ ಬಡಿಯಬೇಡಿ. ಬೆಳಿಗ್ಗೆ ತಂಪಿನಲ್ಲೇ ಸ್ವಲ್ಪ ತೊಟ್ಟು ಉಳಿಸಿ ಕತ್ತರಿಸಿ, ತಲೆಕೆಳಗಾಗಿ ಇಟ್ಟು ಸೊನೆ ಸೋರಿಸಿ. ಸೊನೆ ತಾಗಿದ ಕಡೆ ಸಿಪ್ಪೆ ಸುಟ್ಟು ಕಪ್ಪಾಗುತ್ತೆ. ಕೊಯ್ದ ಕಾಯಿ ಒಂದು ನಿಮಿಷವೂ ಬಿಸಿಲಿನಲ್ಲಿ ಇರಬಾರದು, ನಮ್ಮ ಕೊಪ್ಪಳದ ಮೇ ತಿಂಗಳ ಬಿಸಿಲು ಗೊತ್ತೇ ಇದೆ. 52 ಡಿಗ್ರಿ ಬಿಸಿನೀರಿನಲ್ಲಿ ಹತ್ತು ನಿಮಿಷ ಅದ್ದಿ ತೆಗೆದರೆ ಕಪ್ಪುಚುಕ್ಕೆ ರೋಗ ಕಡಿಮೆಯಾಗುತ್ತೆ. ಥರ್ಮಾಮೀಟರ್ ಇಲ್ಲದೆ ಈ ಕೆಲಸಕ್ಕೆ ಕೈ ಹಾಕಬೇಡಿ. ಕೋಲ್ಡ್ ಸ್ಟೋರೇಜಿನಲ್ಲಿ ಇಡುವುದಾದರೆ 13 ಡಿಗ್ರಿ ಸುತ್ತಮುತ್ತ ಇರಲಿ. ಅದಕ್ಕಿಂತ ತೀರಾ ತಂಪಾದರೆ ಸಿಪ್ಪೆ ಕಂದುತ್ತೆ, ಕಾಯಿ ಸರಿಯಾಗಿ ಹಣ್ಣಾಗಲ್ಲ. ಮಾಗಿಸೋಕೆ ಕಾರ್ಬೈಡ್ ಮುಟ್ಟಲೇಬೇಡಿ, ಅದಕ್ಕೆ ಕಾನೂನಿನ ನಿಷೇಧವಿದೆ. ಎಥಿಲೀನ್ ಅನಿಲದ ಕೋಣೆಗೆ 100 ಪಿಪಿಎಂವರೆಗೆ ಅನುಮತಿ ಇದೆ.