ಅಬ್ಬಿ ನೀರಿನ ಕಬೊಂಬಾ, ಬೋರ್‌ವೆಲ್ ನೀರಿನ ವ್ಯಾಲಿಸ್ನೇರಿಯಾ

ಹಾಸನದ ಒಂದು ಅಂಗಡಿಯಲ್ಲಿ ಅಕ್ವೇರಿಯಂಗೆ ಅಂತ ಎರಡು ಜಾತಿ ಗಿಡ ತಗೊಂಡೆ. ಒಂದು ಕಬೊಂಬಾ, ಬೀಸಣಿಗೆಯ ಹಾಗೆ ಬಿಡಿಸಿಕೊಂಡ ನವಿರಾದ ಎಲೆಯದ್ದು. ಇನ್ನೊಂದು ವ್ಯಾಲಿಸ್ನೇರಿಯಾ, ಉದ್ದಕ್ಕೆ ರಿಬ್ಬನ್ ಥರ. ಎರಡನ್ನೂ ಅರ್ಧರ್ಧ ಮಾಡಿ ಒಂದು ಪಾಲು ನಮ್ಮನೆ ತೊಟ್ಟಿಗೆ ಹಾಕಿದೆ, ಇನ್ನೊಂದು ಪಾಲನ್ನು ಮೂಡಿಗೆರೆ ಹತ್ತಿರ ಇರುವ ತಮ್ಮನಿಗೆ ಕೊಟ್ಟೆ. ಎರಡು ತಿಂಗಳಾದ ಮೇಲೆ ನಮ್ಮಲ್ಲಿ ವ್ಯಾಲಿಸ್ನೇರಿಯಾ ಬುಡದಿಂದ ಕುಡಿ ಹರಿಸಿ ಹನ್ನೊಂದು ಮರಿ ಹಾಕಿತ್ತು. ಕಬೊಂಬಾ ಮಾತ್ರ ಕೆಳಗಿನಿಂದ ಬೋಳಾಗುತ್ತಾ ಬಂದು, ಕೊನೆಗೆ ತುದಿಯಲ್ಲಿ ಸವೆದ ಪೊರಕೆಯಂತೆ ಒಂದಿಷ್ಟು ಉಳಿದಿತ್ತು. ತಮ್ಮನ ಮನೆಯಲ್ಲಿ ಪೂರ್ತಿ ಉಲ್ಟಾ. ಅಲ್ಲಿ ಕಬೊಂಬಾವನ್ನು ವಾರಕ್ಕೊಮ್ಮೆ ಕತ್ತರಿಸಿ ಬಿಸಾಡಬೇಕು, ವ್ಯಾಲಿಸ್ನೇರಿಯಾ ಎಲೆ ಗಾಜಿನಂತಾಗಿ ಕರಗಿಹೋಗಿತ್ತು.

ಅಮ್ಮ ಒಂದೇ ಮಾತಲ್ಲಿ ಮುಗಿಸಿದರು: ಕೈಗುಣ. ಆದರೆ ಇಬ್ಬರಿಗೂ ಒಂದೊಂದು ಗಿಡಕ್ಕೆ ಒಳ್ಳೆ ಕೈ, ಇನ್ನೊಂದಕ್ಕೆ ಕೆಟ್ಟ ಕೈ ಅಂದರೆ ಹೇಗೆ? ನನ್ನ ತಲೆ ಕೊರೆದದ್ದು ಇದೇ.

ಬೇರೆ ಏನಿತ್ತು ಅಂತ ನೋಡಿದರೆ, ನೀರು. ನಮ್ಮದು ಬೋರ್‌ವೆಲ್, ಗಡಸು ನೀರು. ಬಕೆಟ್ ತಳದಲ್ಲಿ ಬಿಳಿ ಕಟ್ಟುತ್ತದೆ, ಬೇಳೆ ಬೇಯೋದಕ್ಕೆ ಸತಾಯಿಸುತ್ತದೆ. ತಮ್ಮನದ್ದು ಅಬ್ಬಿ ನೀರು, ಗುಡ್ಡದ ಮೇಲಿನಿಂದ ಪೈಪಿನಲ್ಲಿ ತಾನಾಗೇ ಇಳಿದು ಬರುವಂಥದ್ದು. ಎಷ್ಟು ಮೆದು ಅಂದರೆ ಸೋಪು ಹಚ್ಚಿ ಎಷ್ಟು ತೊಳೆದರೂ ಕೈ ಜಾರುತ್ತಲೇ ಇರುತ್ತದೆ.

ಗಿಡದ ಒಣ ತೂಕದಲ್ಲಿ ನೂರಕ್ಕೆ ನಲವತ್ತರ ಆಸುಪಾಸು ಇಂಗಾಲವೇ. ಗೊಬ್ಬರ, ಕಬ್ಬಿಣ, ಪೊಟ್ಯಾಷ್ ಅಂತ ನಾವು ಒದ್ದಾಡೋದೆಲ್ಲ ಉಪ್ಪು ಖಾರ ಇದ್ದ ಹಾಗೆ. ಮುಖ್ಯ ಊಟ ಇಂಗಾಲ. ನೆಲದ ಮೇಲಿನ ಗಿಡಕ್ಕೆ ಅದು ಗಾಳಿಯಲ್ಲಿ ಪುಕ್ಕಟೆ ಸಿಗುತ್ತದೆ. ಹಾಗಾಗಿ ಕಾಫಿ ತೋಟದಲ್ಲಿ ಯಾರೂ ಇಂಗಾಲದ ಬಗ್ಗೆ ತಲೆ ಕೆಡಿಸಿಕೊಳ್ಳೋದಿಲ್ಲ. ನೀರೊಳಗಿನ ಕಥೆ ಬೇರೆ. ಗಾಳಿಗೆ ತೆರೆದಿಟ್ಟ ಒಂದು ಲೀಟರ್ ನೀರಿನಲ್ಲಿ ಅರ್ಧ ಮಿಲಿಗ್ರಾಂಗಿಂತ ಸ್ವಲ್ಪ ಜಾಸ್ತಿ ಕಾರ್ಬನ್ ಡೈಆಕ್ಸೈಡ್ ಕರಗಿರುತ್ತದೆ. ಒಂದು ಲೀಟರ್ ಗಾಳಿಯಲ್ಲಿ ಇರೋದೂ ಹೆಚ್ಚುಕಡಿಮೆ ಅಷ್ಟೇ! ಹಾಗಾದರೆ ತೊಂದರೆ ಎಲ್ಲಿ? ಅದು ಎಲೆಯ ಹತ್ತಿರ ಬರುವ ವೇಗದಲ್ಲಿ. ನೀರಿನಲ್ಲಿ ಈ ಅನಿಲ ಹರಡೋದು ಗಾಳಿಗಿಂತ ಸುಮಾರು 10,000 ಪಟ್ಟು ನಿಧಾನ. ಮದುವೆ ಮನೆಯಲ್ಲಿ ಪಂಕ್ತಿಗೆ ಕೂತಿದ್ದೀರಿ, ಅಡುಗೆಮನೆಯಲ್ಲಿ ಅನ್ನ ಬೇಕಾದಷ್ಟಿದೆ, ಆದರೆ ಇನ್ನೂರು ಎಲೆಗೆ ಬಡಿಸೋನು ಒಬ್ಬನೇ. ಹಾಗೆ. ಎಲೆಯ ಮೈಗೆ ಅಂಟಿಕೊಂಡಂತೆ ಅಲುಗಾಡದ ನೀರಿನ ಒಂದು ತೆಳು ಪದರ ಇರುತ್ತದೆ. ಅದರಲ್ಲಿದ್ದ ಇಂಗಾಲವನ್ನು ಎಲೆ ಹೀರಿಕೊಂಡ ಮೇಲೆ ಮುಂದಿನ ತುತ್ತಿಗೆ ಕಾಯುತ್ತಾ ಕೂರಬೇಕು.

ಕಾಯಲಾರದ ಗಿಡಗಳು ಬೇರೆ ಬೇರೆ ದಾರಿ ಹುಡುಕಿಕೊಂಡಿವೆ. ನೀರಿನಲ್ಲಿ ಕರಗಿದ ಇಂಗಾಲ ಬರೀ ಅನಿಲವಾಗಿ ಇರೋದಿಲ್ಲ, ಬೈಕಾರ್ಬನೇಟ್ ಆಗಿಯೂ ಇರುತ್ತದೆ. ಗಡಸು ನೀರಿನಲ್ಲಿ ಸಾಮಾನ್ಯವಾಗಿ ಅದು ರಾಶಿ ರಾಶಿ. ಪಿಎಚ್ 8ರ, ಅಂದರೆ ತುಸು ಕ್ಷಾರದ ನೀರು ತಗೊಂಡರೆ, ಕರಗಿದ ಇಂಗಾಲದಲ್ಲಿ ಅನಿಲದ ರೂಪದಲ್ಲಿ ಇರೋದು ನೂರಕ್ಕೆ ಎರಡು ಪಾಲು. ಉಳಿದದ್ದು ಬಹುಪಾಲು ಬೈಕಾರ್ಬನೇಟೇ. ವ್ಯಾಲಿಸ್ನೇರಿಯಾ, ಹೈಡ್ರಿಲ್ಲಾ, ಹಾರ್ನ್‌ವರ್ಟ್ ಇವೆಲ್ಲ ಈ ಬೈಕಾರ್ಬನೇಟನ್ನು ತಿನ್ನಬಲ್ಲವು. ಕಬೊಂಬಾಗೆ ಆ ಹಲ್ಲಿಲ್ಲ. ಮಾಸ್ ಅನ್ನುವ ಹಾವಸೆ ಗಿಡಗಳಿಗೂ ಸಾಮಾನ್ಯವಾಗಿ ಇಲ್ಲ. ಅವಕ್ಕೆ ಅನಿಲವೇ ಬೇಕು. ನಮ್ಮನೆ ತೊಟ್ಟಿಯಲ್ಲಿ ಕಬೊಂಬಾ ಸತ್ತದ್ದು ಹಸಿವಿನಿಂದ, ಸುತ್ತ ಊಟ ಇಟ್ಟುಕೊಂಡು. ತಮ್ಮನ ಅಬ್ಬಿ ನೀರಿನಲ್ಲಿ ಬೈಕಾರ್ಬನೇಟ್ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ, ಪಿಎಚ್ ಕೂಡ 7ರ ಕೆಳಗೆ. ಜತೆಗೆ ಅವನು ಜಲ್ಲಿಯ ಅಡಿಯಲ್ಲಿ ತೋಟದ ಮಣ್ಣು ಹಾಕಿದ್ದ. ಆ ಮಣ್ಣಿನಲ್ಲಿ ಎಲೆಕಸ ಕೊಳೆಯುತ್ತಾ ಬ್ಯಾಕ್ಟೀರಿಯಾಗಳು ಹಗಲೂ ರಾತ್ರಿ ಸ್ವಲ್ಪ ಸ್ವಲ್ಪ ಕಾರ್ಬನ್ ಡೈಆಕ್ಸೈಡ್ ಬಿಡುತ್ತವೆ. ಕಬೊಂಬಾಗೆ ಹಬ್ಬ, ಅಲ್ವಾ?

ಬೈಕಾರ್ಬನೇಟ್ ತಿನ್ನೋದನ್ನು ಕಣ್ಣಾರೆ ನೋಡಬಹುದು. ಯಾವುದಾದರೂ ಗಡಸು ನೀರಿನ ಕೆರೆಯಿಂದ, ಒಳ್ಳೆ ಬಿಸಿಲಿರುವ ದಿನ, ಒಂದು ಎಳೆ ಹೈಡ್ರಿಲ್ಲಾ ಎತ್ತಿಕೊಳ್ಳಿ. ನಾವು ಇದಕ್ಕೂ ಪಾಚಿ ಅಂತೀವಿ, ಬಂಡೆ ಮೇಲಿನ ಜಾರುವ ಹಸಿರಿಗೂ ಪಾಚಿ ಅಂತೀವಿ, ಇರಲಿ. ಹಳೇ ಎಲೆಯನ್ನು ಹೆಬ್ಬೆಟ್ಟು ತೋರುಬೆರಳ ನಡುವೆ ಉಜ್ಜಿ. ಸಣ್ಣ ಮರಳು ಹಿಡಿದ ಹಾಗೆ ಗರಗರ ಅನ್ನುತ್ತದೆ. ಎಲೆಯ ಕೆಳಮೈ ಆಮ್ಲ ಬಿಟ್ಟು ಬೈಕಾರ್ಬನೇಟನ್ನು ಒಡೆದು ಅನಿಲ ಮಾಡಿ ಒಳಗೆ ಎಳೆದುಕೊಳ್ಳುತ್ತದೆ, ಮೇಲ್ಮೈ ಕ್ಷಾರ ಹೊರಹಾಕುತ್ತದೆ, ಆ ಕ್ಷಾರಕ್ಕೆ ನೀರಿನ ಸುಣ್ಣ ಹೆಪ್ಪುಗಟ್ಟಿ ಎಲೆಯ ಮೇಲೆ ಕೂರುತ್ತದೆ. ಆ ಎಲೆ ಒಣಗಿಸಿ ಒಂದು ಹನಿ ನಿಂಬೆರಸ ಬಿಟ್ಟೆ. ಭೂತಗನ್ನಡಿಯಲ್ಲಿ ನೋಡಿದರೆ ಸಣ್ಣ ಸಣ್ಣ ಗುಳ್ಳೆ. ಗಿಡ ಬಿಟ್ಟು ಹೋಗಿದ್ದ ಇಂಗಾಲ ಮತ್ತೆ ಅನಿಲವಾಗಿ ಹೊರಬರುತ್ತಿತ್ತು.

ಹೈಡ್ರಿಲ್ಲಾ ಇನ್ನೂ ಒಂದು ಹೆಜ್ಜೆ ಮುಂದೆ. ಇಂಗಾಲ ತೀರಾ ಕಡಿಮೆಯಾದರೆ ಅದು ಜೋಳ, ಕಬ್ಬು ಬಳಸುವ ಸಿ4 ಅನ್ನುವ, ಇಂಗಾಲವನ್ನು ಮೊದಲು ಕೂಡಿಹಾಕಿಕೊಂಡು ಆಮೇಲೆ ಬಳಸುವ ಉಪಾಯಕ್ಕೆ ಹೊರಳುತ್ತದೆ. ಜೋಳಕ್ಕೆ ಆ ಕೆಲಸಕ್ಕೆ ಎರಡು ಬಗೆಯ ಜೀವಕೋಶ ಬೇಕು, ಹೈಡ್ರಿಲ್ಲಾ ಎಲ್ಲವನ್ನೂ ಒಂದೇ ಕೋಶದೊಳಗೆ ಮುಗಿಸುತ್ತದೆ. ನಮ್ಮ ಕೆರೆಗಳಲ್ಲಿ ಯಾರೂ ತಿರುಗಿ ನೋಡದ ಈ ಗಿಡ 1950ರ ದಶಕದಲ್ಲಿ ಅಕ್ವೇರಿಯಂ ವ್ಯಾಪಾರದ ಜತೆ ಅಮೆರಿಕದ ಫ್ಲೋರಿಡಾ ಸೇರಿತು. ಅಲ್ಲಿನ ಕಾಲುವೆ, ಸರೋವರಗಳನ್ನು ತುಂಬಿಕೊಂಡು ಇವತ್ತಿಗೂ ತಲೆನೋವಾಗಿದೆ. ತೊಟ್ಟಿಯ ಗಿಡ ಜಾಸ್ತಿಯಾದರೆ ಕೆರೆಗೋ ಹೊಳೆಗೋ ಎಸೆಯಬೇಡಿ, ದನದ ಗೊಬ್ಬರದ ಗುಂಡಿಗೆ ಹಾಕಿ.

ಇನ್ನು ತೇಲುವ ಗಿಡಗಳು. ಅಂತರಗಂಗೆ, ಸಾಲ್ವೀನಿಯಾ, ಡಕ್‌ವೀಡ್. ಇವು ಬೇರನ್ನೋ ಬೇರಿನಂಥದ್ದನ್ನೋ ನೀರಲ್ಲಿ ಬಿಟ್ಟು ಎಲೆಯನ್ನು ಗಾಳಿಯಲ್ಲಿ ಇಟ್ಟಿವೆ. ಇಂಗಾಲದ ಚಿಂತೆಯೇ ಇಲ್ಲ. ಕೆರೆ ಮುಚ್ಚಿಹೋಗುವಷ್ಟು ಬೆಳೆಯೋದಕ್ಕೆ ಇದೂ ಒಂದು ಕಾರಣ. ಗಿಡ ಉಳಿಸೋಕೆ ಬರೋದೇ ಇಲ್ಲ ಅನ್ನುವವರು ಇವುಗಳಿಂದ ಶುರು ಮಾಡಲಿ.

ಈಗ ನನ್ನ ಒಂದು ದಡ್ಡತನ. ಕ್ರಿಪ್ಟೊಕೊರಿನ್ ಅಂತ ಒಂದು ಗಿಡ, ಕೆಸುವಿನ ಕುಟುಂಬದ್ದು. ಅಂಗಡಿಯಲ್ಲಿ ಎಲೆ ಗಟ್ಟಿಯಾಗಿ ಹೊಳೆಯುತ್ತಾ ಇತ್ತು. ತಂದು ನೆಟ್ಟ ಆರನೇ ದಿನಕ್ಕೆ ಎಲೆಗಳೆಲ್ಲ ಬೆಂದ ಸೊಪ್ಪಿನಂತಾದವು. ಕೊಳೆತುಹೋಯ್ತು ಅಂತ ಕಿತ್ತು, ಬಟ್ಟೆ ಒಗೆಯುವ ಕಲ್ಲಿನ ಪಕ್ಕ ಮಳೆನೀರು ನಿಲ್ಲುವ ಹಳೇ ಬಾನಿಗೆ ಎಸೆದೆ. ಅಂಗಡಿಯವನನ್ನು ಮನಸಾರೆ ಬೈದೆ. ಒಂದೂವರೆ ತಿಂಗಳಾದ ಮೇಲೆ ಬಾನಿ ತೊಳೆಯೋಣ ಅಂತ ಬಗ್ಗಿದರೆ ತಳದ ಕೆಸರಿನಿಂದ ನಾಲ್ಕು ಎಲೆ ಎದ್ದಿವೆ. ಹಳೇ ಎಲೆಗಿಂತ ತೆಳು, ಉದ್ದ, ಬಣ್ಣವೂ ಬೇರೆ. ಬೇರೆ ಗಿಡವೇ ಅನ್ನಬೇಕು.

ಆಗಿದ್ದು ಇಷ್ಟು. ಅಕ್ವೇರಿಯಂ ಗಿಡ ಅಂತ ಮಾರುವುದರಲ್ಲಿ ಬಹಳಷ್ಟು ನಿಜವಾಗಿ ಜೌಗಿನ ಗಿಡಗಳು, ಮಳೆಗಾಲದಲ್ಲಿ ಮುಳುಗಿ ಬೇಸಿಗೆಯಲ್ಲಿ ಬಯಲಾಗುವಂಥವು. ನರ್ಸರಿಯವರು ಇವನ್ನು ನೀರಿನ ಹೊರಗೆ, ತೇವದ ಗಾಳಿಯಲ್ಲಿ ಬೆಳೆಸುತ್ತಾರೆ. ಬೇಗ ಬೆಳೆಯುತ್ತವೆ, ಪಾಚಿ ಕಟ್ಟೋದಿಲ್ಲ. ಗಾಳಿಯಲ್ಲಿ ಹುಟ್ಟಿದ ಎಲೆಗೆ ಒಣಗಬಾರದು ಅನ್ನೋದೇ ಚಿಂತೆ, ಅದಕ್ಕೇ ಮೈಮೇಲೆ ಮೇಣದ ಹೊದಿಕೆ. ಅನಿಲ ಒಳಗೆ ಬರೋದಕ್ಕೆ ಸಣ್ಣ ಸಣ್ಣ ಬಾಯಿಗಳು. ಅದನ್ನು ನೀರಿಗೆ ಮುಳುಗಿಸಿದರೆ ಗೊರಬು ಹೊದ್ದುಕೊಂಡು ಹೊಳೆಗೆ ಬಿದ್ದವನ ಸ್ಥಿತಿ. ಬಾಯಿಗಳಿಂದ ಉಪಯೋಗ ಇಲ್ಲ, ಮೇಣ ದಾಟಿ ಇಂಗಾಲ ಬರೋದು ಕಷ್ಟ. ಹುಟ್ಟಿದ ಎಲೆ ವೇಷ ಬದಲಿಸಲಾರದು. ಗಿಡ ಅದರಲ್ಲಿರುವ ಸಾರವನ್ನು ವಾಪಸ್ ಎಳೆದುಕೊಂಡು, ಮೇಣ ಕಡಿಮೆ ಇರುವ ತೆಳ್ಳಗಿನ ಹೊಸ ಎಲೆ ಹೊಲಿಯುತ್ತದೆ. ಎರಡರಿಂದ ಆರು ವಾರ ಹಿಡಿಯಬಹುದು. ನಮ್ಮಲ್ಲಿ ಮುಕ್ಕಾಲು ಜನ ಗಿಡ ಕಿತ್ತೆಸೆಯುವುದು ಆ ಅವಧಿಯಲ್ಲೇ ಅಂತ ನನ್ನ ಗುಮಾನಿ. ಗೆಡ್ಡೆ ಗಟ್ಟಿ ಇದ್ದರೆ ಸುಮ್ನೆ ಬಿಡಿ. ಹಳೇ ಎಲೆ ನೋಡಬೇಡಿ, ನಡುವೆ ಹೊಸ ಕುಡಿ ಬರುತ್ತಿದೆಯಾ ಅಂತ ನೋಡಿ. ಕ್ರಿಪ್ಟೊಕೊರಿನ್ ಅಂತೂ ನೀರು ಸ್ವಲ್ಪ ಬದಲಾದರೂ ಮುನಿಸಿಕೊಂಡು ಎಲೆ ಕರಗಿಸುವ ಜಾತಿ. ಪಶ್ಚಿಮಘಟ್ಟದ ಹೊಳೆಗಳಲ್ಲಿರುವ ಅದರ ನೆಂಟ ಕ್ರಿಪ್ಟೊಕೊರಿನ್ ರೆಟ್ರೋಸ್ಪೈರಾಲಿಸ್ ಮಳೆಗಾಲವೆಲ್ಲ ಮುಳುಗಿದ್ದು, ಹೊಳೆ ಇಳಿದ ಮೇಲೆ ಹೂ ಬಿಡುತ್ತದೆ. ಏರಿಳಿತದಲ್ಲೇ ಬದುಕಿದ ಕುಲ.

ಆದರೆ ಕಾದರೂ ಬದುಕದ ಗಿಡಗಳೂ ಮಾರಾಟಕ್ಕಿವೆ. ಲಕ್ಕಿ ಬ್ಯಾಂಬೂ, ಕ್ಲೋರೋಫೈಟಮ್, ಹೆಮಿಗ್ರಾಫಿಸ್. ಇವು ಕುಂಡದ ಗಿಡಗಳು. ಪೂರ್ತಿ ಮುಳುಗಿಸಿದರೆ ಒಂದೆರಡು ತಿಂಗಳು ನಿಧಾನವಾಗಿ ಕೊಳೆಯುತ್ತವೆ, ಅಷ್ಟರಲ್ಲಿ ನಾವು ಬಿಲ್ಲು ಕಳೆದುಕೊಂಡಿರುತ್ತೇವೆ. ಇಲ್ಲಿ ತಪ್ಪು ನಿಮ್ಮದಲ್ಲ.

ಬೆಳಕಿನ ವಿಷಯ ಕಾಫಿ ಸೀಮೆಯವರಿಗೆ ಬೇಗ ಅರ್ಥವಾಗುತ್ತದೆ. ಕಾಫಿಗೆ ನೆರಳು ಬೇಕು ಅಂತ ಸಿಲ್ವರ್ ಓಕ್ ಬೆಳೆಸುತ್ತೇವೆ, ಮರ ಕಡಿದು ಬಿಸಿಲು ಬಿಟ್ಟರೆ ಗಿಡ ಮೊದಲು ಜೋರಾಗಿ ಕಂಡರೂ ನೀರು ಗೊಬ್ಬರ ಎಲ್ಲ ಜಾಸ್ತಿ ಕೇಳುತ್ತದೆ, ಕೊಡದಿದ್ದರೆ ಸೊರಗುತ್ತದೆ. ತೊಟ್ಟಿಯಲ್ಲೂ ಬೆಳಕು ಅಂದರೆ ಆಕ್ಸಿಲರೇಟರ್. ಒತ್ತಿದಷ್ಟೂ ಇಂಗಾಲ ಬೇಕು, ಗೊಬ್ಬರ ಬೇಕು. ಅವಿಲ್ಲದೆ ಬರೀ ಲೈಟು ಜಾಸ್ತಿ ಮಾಡಿದರೆ ಗಿಡ ಬಳಸಲಾಗದ ಬೆಳಕನ್ನು ಪಾಚಿ ಬಳಸುತ್ತದೆ, ಅದರ ಹೊಟ್ಟೆ ಚಿಕ್ಕದು. ಆಫ್ರಿಕಾದ ಕಾಡಿನ ತೊರೆಗಳ ನೆರಳಲ್ಲಿ ಬೆಳೆಯುವ ಅನೂಬಿಯಾಸ್ ತಿಂಗಳಿಗೆ ಒಂದೋ ಎರಡೋ ಎಲೆ ಬಿಡುವ ಸೋಮಾರಿ. ಅದನ್ನು ಲೈಟಿನ ಕೆಳಗೇ ಇಟ್ಟರೆ ಎಲೆ ಬೆಳೆಯೋದಕ್ಕಿಂತ ಬೇಗ ಎಲೆ ಮೇಲೆ ಪಾಚಿ ಬೆಳೆಯುತ್ತದೆ. ದಿನಕ್ಕೆ ಆರೇಳು ಗಂಟೆ ಲೈಟು ಸಾಕು. ಅನೂಬಿಯಾಸ್‌ನ ಅಡ್ಡ ಕಾಂಡವನ್ನು ಜಲ್ಲಿಯಲ್ಲಿ ಹೂಳಲೂಬಾರದು, ಕೊಳೆಯುತ್ತದೆ. ಕಲ್ಲಿಗೋ ಕಟ್ಟಿಗೆಗೋ ದಾರದಲ್ಲಿ ಕಟ್ಟಬೇಕು.

ಗೊಬ್ಬರದ ಬಗ್ಗೆ ಜಾಸ್ತಿ ಹೇಳೋದಿಲ್ಲ. ಮೀನು ಇದ್ದರೆ ಸಾರಜನಕ, ರಂಜಕ ಅವೇ ಕೊಡುತ್ತವೆ. ಕೊರತೆ ಬೀಳೋದು ಹೆಚ್ಚಾಗಿ ಪೊಟ್ಯಾಷ್ ಮತ್ತು ಕಬ್ಬಿಣ. ಹಳೇ ಎಲೆಯಲ್ಲಿ ಸೂಜಿ ಚುಚ್ಚಿದ ಹಾಗೆ ತೂತು ಕಂಡರೆ ಸಾಮಾನ್ಯವಾಗಿ ಪೊಟ್ಯಾಷ್, ಹೊಸ ಎಲೆ ಬಿಳಿಚಿಕೊಂಡರೆ ಕಬ್ಬಿಣ. ಮಣ್ಣು ಹಾಕುವವರು ಹಸಿ ಸಗಣಿ ಗೊಬ್ಬರ ಬೆರೆಸಬೇಡಿ, ಅಮೋನಿಯಾಗೆ ಮೀನು ಸಾಯುತ್ತವೆ. ಸತ್ತದ್ದು ನೋಡಿಯೇ ಹೇಳುತ್ತಿದ್ದೇನೆ.

ತಮ್ಮನಿಗೆ ಕಬೊಂಬಾ ಗೆದ್ದ ಮೇಲೆ ಧೈರ್ಯ ಬಂತು. ಹೇಮಾವತಿ ಹುಟ್ಟೋದು ಅವರ ತಾಲೂಕಿನಲ್ಲೇ, ಸುತ್ತ ಹಳ್ಳಗಳಿಗೆ ಬರ ಇಲ್ಲ. ಮಳೆ ಹಿಂದಾದ ಮೇಲೆ ಒಂದು ಹಳ್ಳದಿಂದ ಅಂಗೈ ಅಗಲದ ಕಲ್ಲು ತಂದ. ಅದರ ಮೇಲೆ ಬಣ್ಣ ಬಳಿದಂತೆ ಅಂಟಿಕೊಂಡ ಕಂದು ಗಿಡ, ಪೋಡೋಸ್ಟೆಮೇಸಿ ಕುಟುಂಬದ್ದು. ನೋಡಿದರೆ ಪಾಚಿ ಅನ್ನಬೇಕು, ಆದರೆ ಹೂ ಬಿಡುವ ಗಿಡ, ಘಟ್ಟದ ಝರಿಗಳಲ್ಲಿ ಇದರ ಹಲವು ಜಾತಿಗಳಿವೆ. ನೀರು ಭೋರ್ಗರೆಯುವ ಬಂಡೆಯೇ ಇದಕ್ಕೆ ಬೇಕು. ಆ ಸೆಳೆತಕ್ಕೆ ಎಲೆ ಸುತ್ತಲಿನ ನಿಂತ ನೀರಿನ ಪದರ ತೆಳ್ಳಗಾಗಿ, ಕ್ಷಣಕ್ಷಣಕ್ಕೂ ಹೊಸ ಇಂಗಾಲ ತಗುಲುತ್ತಿರುತ್ತದೆ. ಅಂದರೆ ಇನ್ನೂರು ಎಲೆಗೆ ಇನ್ನೂರು ಜನ ಬಡಿಸುವ ಪಂಕ್ತಿ. ತಮ್ಮನ ಫಿಲ್ಟರಿನ ನೀರು ಅದರ ಮುಂದೆ ಯಾವ ಲೆಕ್ಕ? ನಾಲ್ಕು ದಿನಕ್ಕೆ ಗಿಡ ಕಪ್ಪಾಗಿ ಸಿಪ್ಪೆಯಂತೆ ಎದ್ದು ಬಂತು. ಅವನು ಕಲ್ಲನ್ನು ಬಿಸಾಡಲಿಲ್ಲ, ತೊಳೆದು ಅದಕ್ಕೆ ಒಂದು ಅನೂಬಿಯಾಸ್ ಕಟ್ಟಿಟ್ಟಿದ್ದಾನೆ. ಹೋದ ವಾರ ಹೋದಾಗ ಮೂರನೇ ಎಲೆ ಇನ್ನೂ ಸುರುಳಿ ಬಿಚ್ಚುತ್ತಿತ್ತು.